ಸಕ್ಕರೆ ಇಳಿದಾಗ ರಕ್ತದ ಸಾಕ್ಷಿ

ಸಕ್ಕರೆ ಕಾಯಿಲೆಯೆಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚುವ ಕಾಯಿಲೆಯೆಂಬುದು ಇಂದು ಮಕ್ಕಳಿಗೂ ತಿಳಿದಿರುವ ಸಂಗತಿ. ಅದೇ ಸಕ್ಕರೆ ಅತಿಯಾಗಿ ಇಳಿದರೆ ಏನಾದೀತೆಂಬುದನ್ನು ಮಾತ್ರ ಬಹುಮಂದಿ ಯೋಚಿಸಿರುವುದಿಲ್ಲ. ಏರಿದ ಸಕ್ಕರೆ ಸಾವಕಾಶವಾಗಿ, ವರ್ಷಗಟ್ಟಲೆ ಕಾಲ ತೆಗೆದುಕೊಂಡು ಕಣ್ಣು, ಮೂತ್ರಪಿಂಡ, ನರಗಳನ್ನು ಕೆಡಿಸುವ ಶತ್ರು. ಇಳಿದ ಸಕ್ಕರೆಯಾದರೋ ಅರ್ಧ ಗಂಟೆಯೊಳಗೆ ಮನುಷ್ಯನನ್ನು ನೆಲಕ್ಕೆ ಕೆಡವಬಲ್ಲದು. ಮೊದಲನೆಯದಕ್ಕೆ ಹೆದರುವವರು ಎರಡನೆಯದನ್ನು ಗುರುತಿಸಲೂ ಅರಿಯದಿರುವುದು ಒಂದು ವಿಪರ್ಯಾಸವೇ ಸರಿ.

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರಿನ ಮೊದಲಕ್ಷರಗಳನ್ನು ಇಂಗ್ಲಿಷಿನಲ್ಲಿ ಕೂಡಿಸಿ ಹೆಸರು ಪಡೆದ ಬೆಂಗಳೂರಿನ ಬಿ.ಟಿ.ಎಂ. ಲೇಔಟಿನಲ್ಲಿ ಔಷಧದ ಅಂಗಡಿಗಳಿಗಾಗಲಿ, ರಕ್ತಪರೀಕ್ಷೆಯ ಪ್ರಯೋಗಾಲಯಗಳಿಗಾಗಲಿ ಕೊರತೆಯಿಲ್ಲ. ಮುಂಜಾನೆ ಮಡಿವಾಳದ ಕೆರೆಯ ಬಳಿ ನಡೆದಾಡುವ ಹಿರಿಯರ ಮಾತಿಗೆ ಕಿವಿಗೊಟ್ಟರೆ, ಮೊಮ್ಮಕ್ಕಳ ವಿಷಯ ಮುಗಿದೊಡನೆಯೇ, “ಉಪವಾಸದ್ದು ಎಷ್ಟು ಬಂತು? ಊಟವಾದ ಮೇಲಿನದು ಎಷ್ಟು?” ಎಂಬ ಪ್ರಶ್ನೆಗಳು ಬರುವುದು ಸಾಮಾನ್ಯ. ಅಂಕಿ ಕಡಿಮೆ ಬಂದಷ್ಟೂ ಹೇಳುವವರಿಗೆ ಹೆಮ್ಮೆ, ಕೇಳುವವರಿಗೆ ಅಸೂಯೆ. ಆದರೆ ಅಂಕಿ ಇಳಿಯುವುದಕ್ಕೂ ಒಂದು ಮಿತಿಯುಂಟು. ನೂರು ಮಿಲಿಲೀಟರು ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಮಿಗಿಂತ ಕಡಿಮೆಯಾದರೆ ಮಧುಮೇಹಿಗಳು ಎಚ್ಚರಗೊಳ್ಳಬೇಕು. 54ಕ್ಕಿಂತ ಕೆಳಗಿಳಿದರೆ ಅಪಾಯವು ಮನೆಯ ಹೊಸಿಲಿಗೆ ಬಂದಿದೆಯೆಂದೇ ತಿಳಿಯಬೇಕು.

ಒಂದು ಚಮಚೆ ಸಕ್ಕರೆ

ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 5 ಲೀಟರು ರಕ್ತವಿರುತ್ತದೆ. ನೂರು ಮಿಲಿಲೀಟರಿಗೆ 90 ಮಿಲಿಗ್ರಾಮಿನಂತೆ ಲೆಕ್ಕ ಹಾಕಿದರೆ ಅಷ್ಟೂ ರಕ್ತದಲ್ಲಿ ಕರಗಿರುವ ಸಕ್ಕರೆ ಸುಮಾರು ನಾಲ್ಕೂವರೆ ಗ್ರಾಂ. ಅಂದರೆ ಕಾಫಿಗೆ ಹಾಕುವ ಒಂದು ಚಿಕ್ಕ ಚಮಚೆಯಷ್ಟು! ಈ ಒಂದು ಚಮಚೆ ಸಕ್ಕರೆಯನ್ನು ಹಗಲೂ ಇರುಳೂ ಸಮತೂಕದಲ್ಲಿ ಇಡುವುದು ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಗಳ ಕೆಲಸ. ಊಟವಾದ ಮೇಲೆ ಮೇದೋಜೀರಕ ಗ್ರಂಥಿಯಿಂದ ಒಸರುವ ಇನ್ಸುಲಿನ್ ಸಕ್ಕರೆಯನ್ನು ಮಾಂಸಖಂಡಗಳಿಗೂ ಕೊಬ್ಬಿಗೂ ಸೇರಿಸುತ್ತದೆ. ಯಕೃತ್ತು ತನ್ನ ಕಣಜದಿಂದ ಸಕ್ಕರೆಯನ್ನು ಹೊರಬಿಡದಂತೆ ತಡೆಯುತ್ತದೆ. ಹಸಿವಾದಾಗ ಇನ್ಸುಲಿನ್ ತಾನಾಗಿ ಹಿಂದೆ ಸರಿಯುತ್ತದೆ, ಕಣಜದ ಬಾಗಿಲು ತೆರೆಯುತ್ತದೆ.

ಇನ್ಸುಲಿನ್ ಹಿಂದೆ ಸರಿಯಬೇಕಾದ ಹೊತ್ತಿನಲ್ಲಿ ಸರಿಯದಿದ್ದರೆ ಕಣಜವೂ ಮುಚ್ಚಿರುತ್ತದೆ, ಇದ್ದ ಒಂದು ಚಮಚೆಯೂ ಖರ್ಚಾಗುತ್ತದೆ. ಆಗ ಮೊದಲು ಹಸಿಯುವುದು ಮೆದುಳು. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟಿರುವ ಈ ಅಂಗ ದೇಹದ ಶಕ್ತಿಯ ಐದನೆಯ ಒಂದು ಪಾಲನ್ನು ತಾನೊಂದೇ ಬಳಸುತ್ತದೆ. ಆದರೆ ನಾಳೆಗೆಂದು ತನ್ನಲ್ಲಿ ಕೂಡಿಟ್ಟುಕೊಳ್ಳುವುದು ಅತ್ಯಲ್ಪ.

ಲಕ್ಷಣಗಳು ಎರಡು ಅಲೆಗಳಾಗಿ ಬರುವುವು. ಮೊದಲನೆಯ ಅಲೆ ದೇಹದ ಕೂಗು: ಕೈನಡುಕ, ಎದೆಬಡಿತ, ತಣ್ಣನೆಯ ಬೆವರು, ತಡೆಯಲಾರದ ಹಸಿವು. ಎರಡನೆಯ ಅಲೆ ಮೆದುಳಿನದು: ಮಾತು ತೊದಲುವುದು, ಕಣ್ಣು ಮಂಜಾಗುವುದು, ಕಾರಣವಿಲ್ಲದ ಸಿಟ್ಟು, ಗೊತ್ತಿದ್ದ ದಾರಿ ತಪ್ಪುವುದು, ಕೊನೆಗೆ ಮೂರ್ಛೆ, ಸೆಳವು. ಅನೇಕ ವರ್ಷ ಇನ್ಸುಲಿನ್ ಚುಚ್ಚಿಕೊಂಡವರಲ್ಲಿ ಮೊದಲನೆಯ ಅಲೆ ಕ್ರಮೇಣ ಮಂಕಾಗಿ, ಎಚ್ಚರಿಕೆಯಿಲ್ಲದೆಯೇ ಎರಡನೆಯದು ಬಂದೆರಗುವುದುಂಟು. ರಕ್ತದೊತ್ತಡಕ್ಕೆಂದೋ ಹೃದಯಕ್ಕೆಂದೋ ಕೊಡುವ ಕೆಲವು ಮಾತ್ರೆಗಳು ಎದೆಬಡಿತವನ್ನೂ ನಡುಕವನ್ನೂ ಮರೆಮಾಡುತ್ತವೆ. ಬೆವರನ್ನು ಮಾತ್ರ ಮರೆಮಾಡಲಾರವು. ಆದುದರಿಂದ ಮಧುಮೇಹವಿರುವ ಹಿರಿಯರು ಫ್ಯಾನಿನ ಕೆಳಗೆ ಕುಳಿತೂ ಬೆವರುತ್ತಿದ್ದರೆ ಮನೆಯವರು ಕೂಡಲೇ ಗಮನಿಸತಕ್ಕದ್ದು.

ಮರೆವೋ, ಹಟವೋ, ಹಸಿವೋ?

ಬಿ.ಟಿ.ಎಂ. ಲೇಔಟಿನ ಎರಡನೆಯ ಹಂತದಲ್ಲಿ ಇಂತಹದೊಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಅತ್ತೆಗೆ ಅರವತ್ತೆಂಟು ವರ್ಷ. ಹತ್ತು ವರ್ಷದಿಂದ ಇನ್ಸುಲಿನ್. ಒಂದು ದಿನ ಬೆಳಗ್ಗೆ ಎಂಟು ಗಂಟೆಗೆ ವಾಡಿಕೆಯಂತೆ ಇನ್ಸುಲಿನ್ ಚುಚ್ಚಿಕೊಂಡು, “ದೇವಸ್ಥಾನಕ್ಕೆ ಹೋಗಿ ಬಂದು ತಿಂಡಿ ತಿನ್ನುತ್ತೇನೆ” ಎಂದು ಹೊರಟರು. ಅಲ್ಲಿ ಪ್ರದಕ್ಷಿಣೆ, ಪರಿಚಯದವರೊಡನೆ ಮಾತು. ಮನೆಗೆ ಹಿಂದಿರುಗಿದಾಗ ಹತ್ತು ಗಂಟೆ ದಾಟಿತ್ತು. ಬಂದವರೇ ಹಾಲಿನ ಪೊಟ್ಟಣವನ್ನು ಬಟ್ಟೆಯ ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು.

“ಅತ್ತೆ, ತಿಂಡಿ ತಿಂದಿರಾ?” ಎಂದಳು ಸೊಸೆ.

“ಯಾವ ತಿಂಡಿ? ಸುಮ್ಮನೆ ಹೋಗೇ, ತಲೆ ತಿನ್ನಬೇಡ.”

ಮನೆಯಿಂದಲೇ ಕಚೇರಿಯ ಕೆಲಸ ಮಾಡುತ್ತಿದ್ದ ಮಗರಾಯ ತಲೆಯೆತ್ತಿ, “ಅಮ್ಮನಿಗೆ ಮರೆವು ಶುರುವಾಯಿತೆಂದು ಕಾಣುತ್ತದೆ. ಯಾರಾದರೂ ನರರೋಗದ ವೈದ್ಯರಿಗೆ ತೋರಿಸಬೇಕು” ಎಂದ. ಸೊಸೆ ಮಾತನಾಡದೆ ಅತ್ತೆಯ ಕೈ ಹಿಡಿದು ನೋಡಿದಳು. ಅಂಗೈ ತಣ್ಣಗೆ, ಒದ್ದೆ. ಮನೆಯಲ್ಲಿದ್ದ ಗ್ಲುಕೋಮೀಟರಿನಲ್ಲಿ ಒಂದು ಹನಿ ರಕ್ತವನ್ನು ಪರೀಕ್ಷಿಸಿದಾಗ ಕಂಡ ಅಂಕಿ 43. ಸಕ್ಕರೆ ಕದಡಿದ ನೀರನ್ನು ಕುಡಿಸಿದಳು. ಕಾಲು ಗಂಟೆಯ ಮೇಲೆ ಅಂಕಿ 82. ಅತ್ತೆ ಸುತ್ತಲೂ ನೋಡಿ, “ಏನಮ್ಮಾ ಇದು, ಎಲ್ಲರೂ ಯಾಕೆ ಹೀಗೆ ನನ್ನ ಸುತ್ತ ನಿಂತಿದ್ದೀರಿ?” ಎಂದರು.

ಸೊಸೆಗೆ ತಿಳಿಯದೆಯೇ ಅವಳು ಅಂದು ನಡೆಸಿದುದು ವೈದ್ಯಶಾಸ್ತ್ರದ ಒಂದು ಪ್ರಸಿದ್ಧ ಪರೀಕ್ಷೆ. ಅಮೆರಿಕದ ಶಸ್ತ್ರವೈದ್ಯ ಅಲೆನ್ ವಿಪಲ್ 1930ರ ದಶಕದಲ್ಲಿ ಮೂರು ಸಾಕ್ಷಿಗಳನ್ನು ಕೇಳಿದ್ದನು. ಒಂದು, ಸಕ್ಕರೆ ಇಳಿದಾಗ ಬರತಕ್ಕ ಲಕ್ಷಣಗಳು ಕಾಣಬೇಕು. ಎರಡು, ಅದೇ ಗಳಿಗೆಯಲ್ಲಿ ರಕ್ತದ ಸಕ್ಕರೆ ನಿಜವಾಗಿಯೂ ಕಡಿಮೆಯಿರಬೇಕು. ಮೂರು, ಸಕ್ಕರೆ ಕೊಟ್ಟೊಡನೆ ಲಕ್ಷಣಗಳು ಮಾಯವಾಗಬೇಕು. ಈ ಮೂರೂ ಕೂಡಿದರೆ ಮಾತ್ರ ರೋಗಿಯ ತೊಂದರೆಗೆ ಸಕ್ಕರೆಯ ಇಳಿತವೇ ಕಾರಣವೆನ್ನಬಹುದು. “ವಿಪಲ್ ತ್ರಯ”ವೆಂದು ಕರೆಯಲ್ಪಡುವ ಈ ನಿಯಮ ಇಂದಿಗೂ ಹಳತಾಗಿಲ್ಲ. ಕೇವಲ ತಲೆಸುತ್ತು ಬಂದಿತೆಂದು “ನನಗೆ ಲೋ ಶುಗರ್” ಎಂದು ತೀರ್ಮಾನಿಸುವವರೂ ಇದನ್ನು ನೆನಪಿಡಬೇಕು. ಅಂಕಿಯ ಸಾಕ್ಷಿಯಿಲ್ಲದ ತೀರ್ಪು ತೀರ್ಪಲ್ಲ.

ಸಕ್ಕರೆ ಇಳಿದವನನ್ನು ಕುಡುಕನೆಂದು ಬೈದವರುಂಟು, ದೆವ್ವ ಮೆಟ್ಟಿದೆಯೆಂದು ಮಂತ್ರ ಹಾಕಿಸಿದವರುಂಟು, ಅಪಸ್ಮಾರವೆಂದು ವರ್ಷಗಟ್ಟಲೆ ಮಾತ್ರೆ ನುಂಗಿಸಿದವರೂ ಉಂಟು. ಆದುದರಿಂದಲೇ ಮೂರ್ಛೆ ಬಂದವರನ್ನು ಆಸ್ಪತ್ರೆಗೆ ಕರೆತಂದಾಗ ವೈದ್ಯರು ಮೊಟ್ಟಮೊದಲು ಮಾಡುವ ಪರೀಕ್ಷೆಗಳಲ್ಲಿ ಬೆರಳಿನ ತುದಿಯ ಒಂದು ಹನಿ ರಕ್ತದ ಪರೀಕ್ಷೆಯೂ ಒಂದು.

ಮೂತ್ರ ಹೇಳದ ಮಾತು

ಇಂದಿನ ಅಜ್ಜ ಅಜ್ಜಿಯರಲ್ಲಿ ಕೆಲವರಿಗೆ ಬೆನೆಡಿಕ್ಟ್ ದ್ರಾವಣದ ನೆನಪಿರಬಹುದು. ನೀಲಿ ಬಣ್ಣದ ಆ ದ್ರಾವಣಕ್ಕೆ ಕೆಲವು ಹನಿ ಮೂತ್ರವನ್ನು ಬೆರಸಿ ಕಾಯಿಸಿದರೆ, ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಹಸಿರು, ಹಳದಿ, ಇಟ್ಟಿಗೆಯ ಕೆಂಪು ಬಣ್ಣಗಳು ಬರುತ್ತಿದ್ದವು. ಸಕ್ಕರೆ ಏರಿರುವುದನ್ನು ಅದು ತಕ್ಕಮಟ್ಟಿಗೆ ಹೇಳುತ್ತಿತ್ತು. ಇಳಿದಿದೆಯೇ ಎಂಬ ಪ್ರಶ್ನೆಗೆ ಮಾತ್ರ ಅದು ಮೂಕ. ಸಕ್ಕರೆ 110 ಇದ್ದರೂ ದ್ರಾವಣ ನೀಲಿಯೇ, 35 ಇದ್ದರೂ ನೀಲಿಯೇ. ಇಳಿತವನ್ನು ತಿಳಿಯಲು ರಕ್ತವನ್ನೇ ಕೇಳಬೇಕು.

ಇನ್ಸುಲಿನ್ನಿನ ಚರಿತ್ರೆಯಲ್ಲಿ ಈ ರಕ್ತಪರೀಕ್ಷೆ ಮೊದಲ ದಿನದಿಂದಲೂ ಜೊತೆಗಿದೆ. 1921ರಲ್ಲಿ ಕೆನಡದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲೆನರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಅದನ್ನು ಮೊದಲು ಕೊಡಲಾಯಿತು. ಔಷಧವನ್ನು ಅಳೆಯುವುದು ಹೇಗೆ? ಉಪವಾಸವಿರಿಸಿದ ಸುಮಾರು 2 ಕಿಲೋ ತೂಕದ ಮೊಲದ ರಕ್ತಸಕ್ಕರೆಯನ್ನು 45 ಮಿಲಿಗ್ರಾಮಿನ ಮಟ್ಟಕ್ಕೆ ಇಳಿಸುವಷ್ಟು ಔಷಧವೇ ಮೊದಮೊದಲು ಒಂದು “ಯೂನಿಟ್” ಎನಿಸಿತು. ಇಂದು ಮನೆಮನೆಯಲ್ಲಿ “ಹತ್ತು ಯೂನಿಟ್, ಇಪ್ಪತ್ತು ಯೂನಿಟ್” ಎಂದು ಎಣಿಸುವ ಅಳತೆ ಹುಟ್ಟಿದುದೇ ಸಕ್ಕರೆಯ ಇಳಿತದಿಂದ.

ಔಷಧ ಬಂದು ಎರಡೇ ವರ್ಷಗಳಲ್ಲಿ, 1924ರಲ್ಲಿ, ಅಮೆರಿಕದ ಸೀಲ್ ಹ್ಯಾರಿಸ್ ಎಂಬ ವೈದ್ಯ ಒಂದು ವಿಚಿತ್ರವನ್ನು ಗಮನಿಸಿದನು. ಇನ್ಸುಲಿನ್ನನ್ನು ಎಂದೂ ಚುಚ್ಚಿಸಿಕೊಳ್ಳದ ಕೆಲವರಲ್ಲಿಯೂ ಇನ್ಸುಲಿನ್ ಮಿತಿಮೀರಿದಾಗಿನ ಲಕ್ಷಣಗಳೇ ಕಾಣುತ್ತಿದ್ದವು! ಅಂದರೆ ದೇಹವೇ ಅತಿಯಾಗಿ ಇನ್ಸುಲಿನ್ ತಯಾರಿಸುವ ಸಂದರ್ಭವೂ ಇರಬೇಕು. 1927ರಲ್ಲಿ ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ಇಂತಹ ರೋಗಿಯೊಬ್ಬನ ಹೊಟ್ಟೆಯನ್ನು ತೆರೆದಾಗ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಒಸರುವ ಗೆಡ್ಡೆ ಕಂಡಿತು. 1929ರಲ್ಲಿ ಟೊರಾಂಟೊದ ರಾಸ್ಕೊ ಗ್ರಹಾಂ ಅಂತಹ ಒಂದು ಗೆಡ್ಡೆಯನ್ನು ತೆಗೆದು ರೋಗಿಯನ್ನು ಗುಣಪಡಿಸಿದನು. “ಇನ್ಸುಲಿನೋಮ” ಎಂಬ ಈ ಗೆಡ್ಡೆ ಅಪರೂಪ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ನಾಲ್ವರಿಗೆ ಮಾತ್ರ ಬರುವುದು. ಹೆಚ್ಚಿನವು 2 ಸೆಂಟಿಮೀಟರಿಗಿಂತ ಚಿಕ್ಕವು, ಹತ್ತರಲ್ಲಿ ಒಂಬತ್ತು ಕ್ಯಾನ್ಸರಲ್ಲ. ಪತ್ತೆಯಾದರೆ ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ಪೂರ್ಣ ಗುಣ. ಪತ್ತೆಯಾಗದಿದ್ದರೆ ವರ್ಷಾನುಗಟ್ಟಲೆ ತಪ್ಪು ಕಾಯಿಲೆಯ ಚಿಕಿತ್ಸೆ.

ಇನ್ಸುಲಿನ್ ಯಾರದು?

ಸಕ್ಕರೆ ಇಳಿದಿದೆಯೆಂದು ತಿಳಿದಮೇಲೆ ಏಳುವ ಪ್ರಶ್ನೆ: ಹೆಚ್ಚಾದ ಇನ್ಸುಲಿನ್ ಬಂದುದೆಲ್ಲಿಂದ? ಬಹುಕಾಲದವರೆಗೆ ಇದಕ್ಕೆ ಉತ್ತರವಿರಲಿಲ್ಲ. ಏಕೆಂದರೆ ರಕ್ತದಲ್ಲಿ ಸಕ್ಕರೆಯನ್ನು ಅಳೆಯಬಹುದಾಗಿದ್ದರೂ ಇನ್ಸುಲಿನ್ನನ್ನು ಅಳೆಯುವ ಉಪಾಯವಿರಲಿಲ್ಲ.

ಅದರ ಕಷ್ಟವೆಷ್ಟೆಂಬುದನ್ನು 1957ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದ ಒಂದು ಮೊಕದ್ದಮೆ ತೋರಿಸುತ್ತದೆ. ಆ ವರ್ಷದ ಮೇ ತಿಂಗಳಲ್ಲಿ ಕೆನೆತ್ ಬಾರ್ಲೊ ಎಂಬ ಪುರುಷ ದಾದಿಯ ಹೆಂಡತಿ ಸ್ನಾನದ ತೊಟ್ಟಿಯಲ್ಲಿ ಸತ್ತಿದ್ದಳು. ಮುಳುಗಿ ಸತ್ತಳೆಂದು ಗಂಡನ ಹೇಳಿಕೆ. ಆದರೆ ಭೂತಕನ್ನಡಿಯಿಂದ ಪರೀಕ್ಷಿಸಿದಾಗ ಶವದ ಮೇಲೆ ಸೂಜಿ ಚುಚ್ಚಿದ ಗುರುತುಗಳು ಕಂಡವು. ವಿಜ್ಞಾನಿಗಳು ಆ ಜಾಗದ ಮಾಂಸದಿಂದ ತೆಗೆದ ಸಾರವನ್ನು ಇಲಿಗಳಿಗೆ ಚುಚ್ಚಿ, ಅವುಗಳಿಗೆ ಇನ್ಸುಲಿನ್ ಕೊಟ್ಟಾಗ ಆಗುವುದೇ ಆಯಿತೆಂದು ತೋರಿಸಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಾರ್ಲೊ ಅಪರಾಧಿಯೆಂದು ತೀರ್ಪಾಗಿ ಜೀವಾವಧಿ ಶಿಕ್ಷೆಗೆ ಗುರಿಯಾದನು. ಇಲಿಗಳ ಸಾಕ್ಷಿಯಿಲ್ಲದಿದ್ದರೆ ಆತ ತಪ್ಪಿಸಿಕೊಳ್ಳುವ ಸಂಭವವೇ ಹೆಚ್ಚಾಗಿತ್ತು.

ಅದೇ ಕಾಲದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ, ನಿವೃತ್ತ ಯೋಧರ ಆಸ್ಪತ್ರೆಯಲ್ಲಿ, ಸಾಲೊಮನ್ ಬರ್ಸನ್ ಎಂಬ ವೈದ್ಯನೂ ರೋಸಲಿನ್ ಯಾಲೊ ಎಂಬ ಭೌತವಿಜ್ಞಾನಿಯೂ ಬೇರೊಂದು ದಾರಿ ಹುಡುಕಿದರು. ಇನ್ಸುಲಿನ್ ಚಿಕಿತ್ಸೆ ಪಡೆದವರ ರಕ್ತದಲ್ಲಿ ಅದನ್ನು ಹಿಡಿದಿಡುವ ಪ್ರತಿಕಾಯಗಳು ಹುಟ್ಟುವುದನ್ನು ಅವರು ಕಂಡರು. ವಿಕಿರಣ ಸೂಸುವ ಅಯೊಡೀನಿನಿಂದ ಗುರುತು ಮಾಡಿದ ಇನ್ಸುಲಿನ್ನೂ ರೋಗಿಯ ರಕ್ತದ ಇನ್ಸುಲಿನ್ನೂ ಆ ಪ್ರತಿಕಾಯಗಳಿಗಾಗಿ ಸ್ಪರ್ಧಿಸುವಂತೆ ಮಾಡಿ, ಯಾವುದು ಎಷ್ಟು ಸೋತಿತೆಂಬುದರಿಂದ ರೋಗಿಯ ಇನ್ಸುಲಿನ್ನಿನ ಪ್ರಮಾಣವನ್ನು ಲೆಕ್ಕ ಹಾಕಿದರು. ಮನುಷ್ಯರ ರಕ್ತದಲ್ಲಿ ಇನ್ಸುಲಿನ್ ಅಳೆಯುವ ಈ ಕ್ರಮ 1960ರಲ್ಲಿ ವಿವರವಾಗಿ ಪ್ರಕಟವಾಯಿತು. ಬರ್ಸನ್ 1972ರಲ್ಲಿ ತೀರಿಕೊಂಡನು. 1977ರಲ್ಲಿ ಯಾಲೊ ನೊಬೆಲ್ ಪಾರಿತೋಷಕ ಪಡೆದಳು.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ರಕ್ತದಲ್ಲಿ ಇನ್ಸುಲಿನ್ ಹೆಚ್ಚಿದೆ, ಸರಿ. ಅದು ದೇಹ ತಯಾರಿಸಿದುದೋ, ಸೀಸೆಯಿಂದ ಬಂದುದೋ? ಈ ಗಂಟನ್ನು ಬಿಡಿಸಿದವನು ಚಿಕಾಗೊ ವಿಶ್ವವಿದ್ಯಾನಿಲಯದ ಡೊನಾಲ್ಡ್ ಸ್ಟೈನರ್. ಮೇದೋಜೀರಕ ಗ್ರಂಥಿ ಮೊದಲು ಒಂದು ಉದ್ದನೆಯ ಸರಪಳಿಯನ್ನು ನೇಯುತ್ತದೆಯೆಂದೂ, ಆಮೇಲೆ ನಡುವಿನ ತುಂಡನ್ನು ಕತ್ತರಿಸಿದಾಗ ಇನ್ಸುಲಿನ್ ಸಿದ್ಧವಾಗುತ್ತದೆಯೆಂದೂ 1967ರಲ್ಲಿ ಆತ ತೋರಿಸಿದನು. ಕತ್ತರಿಸಿದ ಆ ತುಂಡಿಗೆ “ಸಿ-ಪೆಪ್ಟೈಡ್” ಎಂದು ಹೆಸರು. ದೇಹವು ಎಷ್ಟು ಕಣ ಇನ್ಸುಲಿನ್ನನ್ನು ಹೊರಬಿಡುವುದೋ ಅಷ್ಟೇ ಕಣ ಸಿ-ಪೆಪ್ಟೈಡನ್ನೂ ಹೊರಬಿಡುತ್ತದೆ. ಸೀಸೆಯ ಇನ್ಸುಲಿನ್ನಿನಲ್ಲಿಯಾದರೋ ಈ ತುಂಡು ಇರುವುದಿಲ್ಲ. ಮನೆಯಲ್ಲಿ ಹುರುಳಿಕಾಯಿ ಹೆಚ್ಚಿದ್ದರೆ ಅದರ ನಾರು, ತೊಟ್ಟು ಬುಟ್ಟಿಯಲ್ಲಿರಬೇಕು. ಬುಟ್ಟಿ ಬರಿದಾಗಿದ್ದರೆ ಪಲ್ಯ ಹೋಟೆಲಿನಿಂದ ಬಂದಿದೆಯೆಂದೇ ಅರ್ಥ.

ಆದುದರಿಂದ ಇಂದು ವೈದ್ಯರು ಓದುವ ಕ್ರಮ ಹೀಗಿದೆ. ಸಕ್ಕರೆ ಕಡಿಮೆ, ಇನ್ಸುಲಿನ್ ಹೆಚ್ಚು, ಸಿ-ಪೆಪ್ಟೈಡ್ ಕಡಿಮೆ: ಇನ್ಸುಲಿನ್ ಹೊರಗಿನಿಂದ ಬಂದಿದೆ. ಸಕ್ಕರೆ ಕಡಿಮೆ, ಇನ್ಸುಲಿನ್ ಹಾಗೂ ಸಿ-ಪೆಪ್ಟೈಡ್ ಎರಡೂ ಹೆಚ್ಚು: ದೇಹವೇ ಇನ್ಸುಲಿನ್ ಒಸರಿಸುತ್ತಿದೆ. ಇದಕ್ಕೆ ಗೆಡ್ಡೆ ಕಾರಣವಿರಬಹುದು. ಅಥವಾ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುವ ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆಗಳು ಹೊಟ್ಟೆಗೆ ಹೋಗಿರಬಹುದು. ಅಜ್ಜನ ಮಾತ್ರೆಯನ್ನು ಮೊಮ್ಮಗು ನುಂಗಿದ, ಒಬ್ಬರ ಚೀಟಿಯ ಮಾತ್ರೆಯನ್ನು ಮತ್ತೊಬ್ಬರಿಗೆ ಕೊಟ್ಟ ಪ್ರಸಂಗಗಳು ಇಂತಹವೇ. ಆ ಮಾತ್ರೆಗಳನ್ನು ರಕ್ತದಲ್ಲಿಯೋ ಮೂತ್ರದಲ್ಲಿಯೋ ಪ್ರತ್ಯೇಕವಾಗಿ ಹುಡುಕಿದ ಮೇಲೆಯೇ ಗೆಡ್ಡೆಯ ಮಾತು. ಸಕ್ಕರೆಯೂ ಕಡಿಮೆ, ಇನ್ಸುಲಿನ್ನೂ ಕಡಿಮೆ ಇದ್ದರೆ ತಪ್ಪು ಇನ್ಸುಲಿನ್ನಿನದಲ್ಲ. ಯಕೃತ್ತಿನ ಕಾಯಿಲೆ, ಹೊಟ್ಟೆಗಿಲ್ಲದೆ ಮದ್ಯ ಕುಡಿದುದು, ದೇಹದ ಬೇರೆ ಗ್ರಂಥಿಗಳ ಸೋಲು ಮುಂತಾದುವನ್ನು ಹುಡುಕಬೇಕು.

ಅಮೆರಿಕದ ಎಂಡೋಕ್ರೈನ್ ಸೊಸೈಟಿ 2009ರಲ್ಲಿ ಪ್ರಕಟಿಸಿದ ಸೂಚನೆಗಳಂತೆ, ಸಕ್ಕರೆ 55 ಮಿಲಿಗ್ರಾಮಿಗಿಂತ ಕಡಿಮೆಯಿರುವಾಗ ರಕ್ತದ ಪ್ರತಿ ಮಿಲಿಲೀಟರಿನಲ್ಲಿ ಇನ್ಸುಲಿನ್ 3 ಮೈಕ್ರೊ ಯೂನಿಟ್ ಅಥವಾ ಹೆಚ್ಚು, ಸಿ-ಪೆಪ್ಟೈಡ್ 0.6 ನ್ಯಾನೊಗ್ರಾಂ ಅಥವಾ ಹೆಚ್ಚು ಕಂಡರೆ ದೇಹದೊಳಗಿನ ಇನ್ಸುಲಿನ್ ಮಿತಿಮೀರಿದೆಯೆಂದು ಎಣಿಸಬಹುದು. ಸಕ್ಕರೆ ಚೆನ್ನಾಗಿರುವಾಗ ಈ ಅಂಕಿಗಳು ಕಂಡರೆ ಅದರಲ್ಲಿ ದೋಷವೇನೂ ಇಲ್ಲ. ಸಕ್ಕರೆ ಬತ್ತಿರುವಾಗಲೂ ಇನ್ಸುಲಿನ್ ಹಿಂದೆ ಸರಿಯದಿರುವುದೇ ರೋಗ.

ಹೊತ್ತು ಮೀರಿದ ಪರೀಕ್ಷೆ

ಇಲ್ಲಿಯೇ ಅನೇಕ ಕುಟುಂಬಗಳು ಹಣವನ್ನೂ ಕಾಲವನ್ನೂ ಕಳೆದುಕೊಳ್ಳುವುದು. ಸೋಮವಾರ ಮೂರ್ಛೆ, ಸಕ್ಕರೆ ಕುಡಿಸಿ ಚೇತರಿಕೆ, ಗುರುವಾರ ಪ್ರಯೋಗಾಲಯದಲ್ಲಿ ಇನ್ಸುಲಿನ್ ಪರೀಕ್ಷೆ! ಕಳ್ಳ ಓಡಿಹೋದ ಮೂರು ದಿನದ ಮೇಲೆ ಬಾಗಿಲಲ್ಲಿ ಕಾವಲು ನಿಂತಂತೆ. ರಕ್ತವನ್ನು ತೆಗೆಯಬೇಕಾದುದು ಸಕ್ಕರೆ ಇಳಿದಿರುವ ಆ ಗಳಿಗೆಯಲ್ಲಿ. ಕಾರಣ ತಿಳಿಯದ ಮೂರ್ಛೆಯಾದರೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ಸೂಜಿಯಿಂದಲೇ ಮೊದಲು ರಕ್ತ ತೆಗೆದುಕೊಂಡು, ಮರುಕ್ಷಣವೇ ಗ್ಲೂಕೋಸ್ ಕೊಡುವುದು ರೂಢಿ. ಮನೆಯಲ್ಲಿ ಮಾತ್ರ ಪರೀಕ್ಷೆಗಾಗಿ ಕಾಯತಕ್ಕದ್ದಲ್ಲ. ಮೀಟರು ಕೈಗೆ ಸಿಗದಿದ್ದರೆ ಸಕ್ಕರೆಯನ್ನೇ ಮೊದಲು ಕೊಡಬೇಕು. ರೋಗನಿರ್ಣಯ ನಾಳೆಯಾದರೂ ಆದೀತು, ಮೆದುಳಿಗೆ ನಾಳೆಯವರೆಗೆ ತಾಳ್ಮೆಯಿಲ್ಲ.

ತೆಗೆದ ರಕ್ತವೂ ಸುಮ್ಮನಿರುವುದಿಲ್ಲ. ಕೊಳವೆಯೊಳಗಿನ ರಕ್ತಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಹಾಗೆಯೇ ಬಿಟ್ಟರೆ ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಇದನ್ನು ತಡೆಯಲೆಂದೇ ಬೂದು ಬಣ್ಣದ ಮುಚ್ಚಳದ ಕೊಳವೆಯಲ್ಲಿ ಫ್ಲೋರೈಡ್ ಉಪ್ಪನ್ನು ಹಾಕಿರುತ್ತಾರೆ. ಆದರೂ ಅದರ ಪ್ರಭಾವ ಪೂರ್ಣವಾಗಲು ಒಂದೆರಡು ಗಂಟೆ ಹಿಡಿಯುವುದರಿಂದ, ಕೊಳವೆ ಬೇಗನೆ ಪ್ರಯೋಗಾಲಯವನ್ನು ಮುಟ್ಟುವುದು ಮೇಲು. ಯಾವ ಲಕ್ಷಣವೂ ಇಲ್ಲದೆ ಪ್ರಯೋಗಾಲಯದ ಕಾಗದದಲ್ಲಿ ಮಾತ್ರ ಸಕ್ಕರೆ ಕಡಿಮೆ ಬಂದಿದ್ದರೆ, ಗಾಬರಿಗೆ ಮೊದಲು ರಕ್ತ ಎಷ್ಟು ಹೊತ್ತು ಕಾದಿತ್ತೆಂದು ಕೇಳಬೇಕು. ಮನೆಯ ಮೀಟರುಗಳಿಗೂ ಮಿತಿಯುಂಟು. 2013ರ ಅಂತರರಾಷ್ಟ್ರೀಯ ಮಾನಕವು 100ಕ್ಕಿಂತ ಕೆಳಗಿನ ಅಂಕಿಗಳಲ್ಲಿ 15 ಮಿಲಿಗ್ರಾಮಿನಷ್ಟು ಹೆಚ್ಚುಕಡಿಮೆಯನ್ನು ಒಪ್ಪಿಕೊಂಡಿದೆ. ಮೀಟರು 62 ತೋರಿಸಿದರೆ ನಿಜವಾದ ಅಂಕಿ 50ರ ಹತ್ತಿರವೂ ಇರಬಹುದು.

ಹಾಗಾದರೆ ಲಕ್ಷಣಗಳು ಆಗಾಗ ಬಂದುಹೋಗುವವರ ಗತಿಯೇನು? ಅವರನ್ನು ಆಸ್ಪತ್ರೆಯಲ್ಲಿರಿಸಿ, ವೈದ್ಯರ ಕಣ್ಣೆದುರಿನಲ್ಲಿ, ಹೆಚ್ಚೆಂದರೆ 72 ಗಂಟೆಗಳ ಉಪವಾಸ ಮಾಡಿಸುತ್ತಾರೆ. ಕೆಲವು ಗಂಟೆಗಳಿಗೊಮ್ಮೆ ರಕ್ತಪರೀಕ್ಷೆ ನಡೆಯುತ್ತದೆ. ಇನ್ಸುಲಿನ್ ಗೆಡ್ಡೆಯಿರುವವರಲ್ಲಿ ಬಹುಪಾಲು ಜನರಿಗೆ 48 ಗಂಟೆಗಳೊಳಗೇ ಸಕ್ಕರೆ ಕುಸಿಯುತ್ತದೆ. ಆಗ ರಕ್ತ ತೆಗೆದು ಉಪವಾಸ ಮುರಿಸುವರು. ಇದನ್ನು ಮನೆಯಲ್ಲಿ ಯಾರೂ ಎಂದಿಗೂ ಪ್ರಯೋಗಿಸಕೂಡದು.

ಇನ್ನೆರಡು ಸೂಕ್ಷ್ಮಗಳುಂಟು. ಮೂರು ತಿಂಗಳ ಸರಾಸರಿಯೆಂದು ಹೆಸರಾದ ಎಚ್‌ಬಿಎ1ಸಿ ಪರೀಕ್ಷೆ ಇಳಿತಗಳನ್ನು ತೋರಿಸುವುದಿಲ್ಲ. ಹಗಲು 250, ಇರುಳು 50 ಇದ್ದವನ ಸರಾಸರಿಯೂ ಸುಂದರವಾಗಿಯೇ ಕಾಣಬಹುದು. ಮತ್ತೊಂದು, ಕೆಲವು ಪ್ರಯೋಗಾಲಯಗಳ ಇನ್ಸುಲಿನ್ ಪರೀಕ್ಷೆಗಳು ಹೊಸ ಬಗೆಯ ಮಾರ್ಪಡಿಸಿದ ಇನ್ಸುಲಿನ್ನುಗಳನ್ನು ಗುರುತಿಸಲಾರವು. ಆದುದರಿಂದ ರೋಗಿ ಬಳಸುವ ಔಷಧದ ಹೆಸರನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ಸೀಸೆ ಒಂದು, ಸಿರಿಂಜು ಇನ್ನೊಂದು

ಗೆಡ್ಡೆ ಅಪರೂಪ, ಸೂಜಿಯ ತಪ್ಪು ಅಪರೂಪವಲ್ಲ. ಮಧುಮೇಹಿಗಳ ಸಕ್ಕರೆ ಕುಸಿಯಲು ಬಹುತೇಕ ಕಾರಣ ಮನೆಯೊಳಗೇ ಇರುತ್ತದೆ: ಇನ್ಸುಲಿನ್ ಆಯಿತು, ಊಟ ತಡವಾಯಿತು; ಮರೆತು ಎರಡು ಸಲ ಚುಚ್ಚಿಕೊಂಡದ್ದಾಯಿತು; ನಡಿಗೆ ಹೆಚ್ಚಾಯಿತು; ಮೂತ್ರಪಿಂಡ ದುರ್ಬಲವಾಗಿ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯಿತು. ಇವೆಲ್ಲಕ್ಕಿಂತ ಮೋಸದ ತಪ್ಪು ಮತ್ತೊಂದಿದೆ.

2025ರ ಆಗಸ್ಟಿನಲ್ಲಿ ಆರಂಭವಾದ ಮೆಟ್ರೊ ಹಳದಿ ಮಾರ್ಗದಲ್ಲಿ ಬಿ.ಟಿ.ಎಂ. ಲೇಔಟಿನ ನಿಲ್ದಾಣದಿಂದ ಬೊಮ್ಮಸಂದ್ರದ ಕಡೆಗೆ ಹೊರಟರೆ “ಬಯೋಕಾನ್ ಹೆಬ್ಬಗೋಡಿ” ಎಂಬ ನಿಲ್ದಾಣ ಸಿಗುತ್ತದೆ. 1978ರಲ್ಲಿ ಕಿಣ್ವಗಳನ್ನು ತಯಾರಿಸಲೆಂದು ಬೆಂಗಳೂರಿನಲ್ಲಿ ಹುಟ್ಟಿದ ಬಯೋಕಾನ್ ಕಂಪನಿ 2004ರಲ್ಲಿ ಯೀಸ್ಟಿನ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಒಂದು ಕಾಲಕ್ಕೆ ದನ, ಹಂದಿಗಳ ಗ್ರಂಥಿಯಿಂದ ತೆಗೆದು ಕಡಲಾಚೆಯಿಂದ ಬರುತ್ತಿದ್ದ ಔಷಧ ಇಂದು ಇದೇ ನಗರದಲ್ಲಿ ತಯಾರಾಗುತ್ತಿರುವುದು ಸಂತೋಷದ ವಿಷಯ. ಆದರೆ ಯಾರೇ ತಯಾರಿಸಲಿ, ಭಾರತದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಬಲಗಳಲ್ಲಿ ದೊರೆಯುತ್ತದೆ. ಸೀಸೆಗಳಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನುಗಳಲ್ಲಿ ಸಾಮಾನ್ಯವಾಗಿ 100 ಯೂನಿಟ್. ಕೆಲವು ಸೀಸೆಗಳಲ್ಲಿಯೂ 100. ಸಿರಿಂಜುಗಳೂ ಎರಡು ಬಗೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ.

100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಮಿಲಿಲೀಟರು. ಅಂದರೆ ದೇಹಕ್ಕೆ ಹೋಗುವುದು 20 ಯೂನಿಟಲ್ಲ, 50 ಯೂನಿಟ್! ಎರಡೂವರೆ ಪಾಲು ಔಷಧ ಒಂದೇ ಚುಚ್ಚಿಗೆ. ಇಲ್ಲಿ ಯಾರೂ ಲೆಕ್ಕ ತಪ್ಪಿಲ್ಲ, ಗೆರೆಯೂ ತಪ್ಪಿಲ್ಲ. ಮುಚ್ಚಳದ ಬಣ್ಣವೊಂದೇ ತಪ್ಪಿದ್ದು. ಪೆನ್ನು ಕೆಟ್ಟಿತೆಂದು ಅದರ ಕೊಳವೆಯಿಂದ ಸಿರಿಂಜಿಗೆ ಔಷಧ ಎಳೆಯುವವರೂ, ಊರಿನಿಂದ ಬಂದ ಬಂಧುಗಳ ಸಿರಿಂಜನ್ನು ಎರವಲು ಪಡೆಯುವವರೂ ಇದನ್ನು ನೆನಪಿಡಬೇಕು. ಪ್ರತಿಯೊಂದು ಸಲ ಅಂಗಡಿಯಿಂದ ತಂದಾಗಲೂ ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಮನೆಯ ಇಬ್ಬರು ಓದಿ ಹೊಂದಿಸಿ ನೋಡುವ ಅಭ್ಯಾಸವಿರಲಿ.

ವ್ರತದ ದಿನಗಳು

ಏಕಾದಶಿಯಂದು ನಿರಾಹಾರ, ಸಂಕಷ್ಟಿಯಂದು ಚಂದ್ರೋದಯದವರೆಗೆ ಉಪವಾಸ, ರಂಜಾನಿನಲ್ಲಿ ಹಗಲೆಲ್ಲ ರೋಜಾ; ಯಾವ ಧರ್ಮದ ಮನೆಯಾದರೂ ಹಿರಿಯರು ವ್ರತವನ್ನು ಬಿಡಲೊಪ್ಪರು. ಮಾತ್ರೆಯನ್ನೂ ಬಿಡಲೊಪ್ಪರು! “ಊಟ ಮಾಡಿಲ್ಲ, ಮಾತ್ರೆಯಾದರೂ ತಪ್ಪದಿರಲಿ” ಎಂದು ಬೆಳಗಿನ ಮಾತ್ರೆಯನ್ನು ಬರಿಯ ಹೊಟ್ಟೆಗೆ ನುಂಗುವುದು ಭಕ್ತಿಯೂ ಅಲ್ಲ, ವೈದ್ಯವೂ ಅಲ್ಲ. ಇನ್ಸುಲಿನ್ ಹಾಗೂ ಇನ್ಸುಲಿನ್ ಹೊರಡಿಸುವ ಮಾತ್ರೆಗಳನ್ನು ಉಪವಾಸದ ದಿನ ಎಷ್ಟು ತಗ್ಗಿಸಬೇಕು, ಯಾವ ಹೊತ್ತಿಗೆ ಬದಲಿಸಬೇಕು, ಉಪವಾಸವೇ ತಕ್ಕುದೋ ಅಲ್ಲವೋ ಎಂಬುದನ್ನು ಕೆಲವು ದಿನ ಮೊದಲೇ ವೈದ್ಯರಲ್ಲಿ ಕೇಳಬೇಕು. ಉಪವಾಸದ ನಡುವೆ ಸಕ್ಕರೆ 70ಕ್ಕಿಂತ ಇಳಿದರೆ ವ್ರತವನ್ನು ಅಲ್ಲಿಗೇ ಮುಗಿಸಬೇಕು.

ಮನೆಯವರು ಮಾಡಬೇಕಾದುದು

ಎಚ್ಚರವಾಗಿದ್ದು ನುಂಗಬಲ್ಲವರಿಗೆ 15 ಗ್ರಾಂ ಸಕ್ಕರೆ, ಎಂದರೆ ಮೂರು ಚಿಕ್ಕ ಚಮಚೆ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿನಲ್ಲಿ ಕದಡಿ ಕೊಡಬೇಕು. 15 ನಿಮಿಷದ ಮೇಲೆ ಮತ್ತೆ ರಕ್ತ ಪರೀಕ್ಷಿಸಿ, 70 ದಾಟಿಲ್ಲವಾದರೆ ಮತ್ತೊಮ್ಮೆ ಅಷ್ಟೇ ಕೊಡಬೇಕು. ಚೇತರಿಸಿಕೊಂಡ ಮೇಲೆ ಅನ್ನವನ್ನೋ ಚಪಾತಿಯನ್ನೋ ತಿನ್ನಿಸಬೇಕು. ಬರ್ಫಿ, ಚಾಕೊಲೇಟುಗಳಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುವುದರಿಂದ ಅವು ಈ ಹೊತ್ತಿಗೆ ತಕ್ಕವಲ್ಲ. ಅಕಾರ್ಬೋಸ್, ವೋಗ್ಲಿಬೋಸ್ ಎಂಬ ಮಾತ್ರೆ ನುಂಗುವವರಲ್ಲಿ ಮನೆಯ ಸಕ್ಕರೆ ಬೇಗ ಜೀರ್ಣವಾಗುವುದಿಲ್ಲ. ಅವರಿಗೆ ಗ್ಲೂಕೋಸ್ ಪುಡಿಯೇ ಆಗಬೇಕು.

ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು. ಅದು ಶ್ವಾಸನಾಳಕ್ಕೆ ಇಳಿದು ಪ್ರಾಣಕ್ಕೇ ಸಂಚಕಾರ. ಅವರನ್ನು ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ವೈದ್ಯರು ಮೊದಲೇ ಬರೆದುಕೊಟ್ಟಿದ್ದರೆ ಗ್ಲುಕಗಾನ್ ಚುಚ್ಚುಮದ್ದನ್ನು ಕೊಡಬಹುದು. ಮಾತ್ರೆಯಿಂದ ಸಕ್ಕರೆ ಇಳಿದವರು ಚೇತರಿಸಿಕೊಂಡರೂ ಮನೆಯಲ್ಲಿ ಉಳಿಯಬಾರದು. ಆ ಮಾತ್ರೆಗಳ ಪ್ರಭಾವ ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಇರುವುದರಿಂದ, ಸಂಜೆ ಸರಿಹೋದವರು ನಡುರಾತ್ರಿಯಲ್ಲಿ ಮತ್ತೆ ಮೂರ್ಛೆ ಹೋಗಬಹುದು.

ಪ್ರತಿಯೊಂದು ಇಳಿತವನ್ನೂ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು: ದಿನಾಂಕ, ಹೊತ್ತು, ಮೀಟರಿನ ಅಂಕಿ, ಕೊನೆಯ ಊಟ, ಕೊನೆಯ ಔಷಧ, ಕಂಡ ಲಕ್ಷಣ, ಸಕ್ಕರೆ ಕೊಟ್ಟಮೇಲೆ ಆದ ಬದಲಾವಣೆ. ವೈದ್ಯರ ಮುಂದೆ ಆ ಒಂದು ಪುಟ ಅರ್ಧ ಗಂಟೆಯ ಮಾತಿಗಿಂತ ಹೆಚ್ಚು ಹೇಳುತ್ತದೆ. ಮಧುಮೇಹವೇ ಇಲ್ಲದವರಲ್ಲಿ ಇಂತಹ ಇಳಿತ ಕಂಡರೆ ಅದನ್ನು ಒಮ್ಮೆಯೂ ಕಡೆಗಣಿಸದೆ ಗ್ರಂಥಿರೋಗಗಳ ತಜ್ಞರನ್ನು ಕಾಣಬೇಕು. ಅಡಿಗೆಮನೆಯ ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಮೀಟರಿಗೂ ಆ ಪುಸ್ತಕಕ್ಕೂ ಒಂದು ಖಾಯಂ ಜಾಗವಿರಲಿ. ರಾತ್ರಿ ಎರಡು ಗಂಟೆಗೆ ಅದನ್ನು ಹುಡುಕುವ ಕೈ ಮನೆಯ ಚಿಕ್ಕ ಮಗುವಿನದೂ ಆಗಿರಬಹುದು.